ಕೆಳಗಿನ ಸಾಲು

ಚಳಿಗಾಲದ ಕೊನೆ, ಬೆಳಗಿನ ಏಳೂವರೆ ಇರಬೇಕು. ಮಹಡಿ ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರು ಸಿಕ್ಕಿಹಾಕಿಕೊಂಡಿತು. ವ್ಯಾನಿನ ಇಬ್ಬರು ಆಳುಗಳು ಅದನ್ನು ನೆಟ್ಟಗೆ ನಿಲ್ಲಿಸಿ ನೋಡಿದರು, ಓರೆ ಮಾಡಿ ನೋಡಿದರು, ಕೊನೆಗೆ ತಲೆಯ ಮೇಲೆ ಎತ್ತಿಯೂ ನೋಡಿದರು. ಬರಿಯ ಸ್ಟ್ರೆಚರೇ ಮೇಲೆ ಹೋಗಲು ಒಲ್ಲೆ ಎನ್ನುವಾಗ, ಮನುಷ್ಯರನ್ನು ಮಲಗಿಸಿಕೊಂಡು ಕೆಳಗಿಳಿಯುವ ಮಾತೆಲ್ಲಿ ಬಂತು.

"ಈ ಮನೆ ಕಟ್ಟಿದೋನು ಇಲ್ಲಿ ಯಾರೂ ಸಾಯೋದೇ ಇಲ್ಲ ಅಂದ್ಕೊಂಡಿದ್ದ ಅಂತ ಕಾಣುತ್ತೆ," ಎಂದ ಒಬ್ಬ.

"ಸುಮ್ನಿರೋ, ಮನೆಯವರು ಕೇಳಿಸ್ಕೊಂಡಾರು," ಎಂದ ಇನ್ನೊಬ್ಬ.

ಮನೆಯವರು ಎಂದರೆ ಒಬ್ಬನೇ. ತೀರಿಕೊಂಡ ಹೆಂಗಸಿನ ಅಣ್ಣನ ಮಗ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದು, ಅಂಗಿಯ ತೋಳು ಮಡಿಸುವುದು ಬಿಚ್ಚುವುದು ಮಾಡುತ್ತ ಗೋಡೆಗೆ ಒರಗಿ ನಿಂತಿದ್ದ. ಅತ್ತೆಯನ್ನು ಅವನು ನೋಡಿದ್ದು ಎರಡೇ ಸಲ. ಎರಡು ಸಲವೂ ಬೇರೆಯವರ ಮದುವೆಯಲ್ಲಿ.

ಏಣಿಯಣ್ಣ ಬೀದಿಯಲ್ಲಿ ನಿಂತು ಇದನ್ನೆಲ್ಲ ನೋಡಿದ. "ಹತ್ತು ನಿಮಿಷ ತಡೀರಿ," ಎಂದು ಹೇಳಿ ಹೊರಟ. ಎರಡು ಬೀದಿ ದಾಟಿದರೆ ಅವನು ಜವಾನನಾಗಿದ್ದ ಲೈಬ್ರರಿ. ಬೀಗ ತೆಗೆದು, ದೀಪ ಹಾಕದೆ, ಕೈಗೆ ಗೊತ್ತಿದ್ದ ಜಾಗದಿಂದ ಏಣಿ ಎತ್ತಿ ಹೆಗಲಿಗೆ ಹಾಕಿಕೊಂಡು ಬಂದ. ಏಳು ಮೆಟ್ಟಿಲಿನ ಮರದ ಏಣಿ; ಸ್ಟ್ರೆಚರಿಗಿಂತ ಒಂದು ಗೇಣು ಗಿಡ್ಡ, ಒಂದು ಗೇಣು ಸಪೂರ. ತಿರುವಿನಲ್ಲಿ ಅದನ್ನು ಎಷ್ಟು ಓರೆ ಮಾಡಬೇಕೆಂದು ಅವನ ಹೆಗಲಿಗೆ ಗೊತ್ತಿತ್ತು. ಕಪಾಟುಗಳ ನಡುವಿನ ಸಂದಿಯಲ್ಲಿ ಮೂವತ್ತೊಂದು ವರ್ಷ ಮಾಡಿದ್ದು ಅದೇ ಕೆಲಸ ತಾನೆ.

ಏಣಿಗೆ ಕಂಬಳಿ ಹಾಸಿ, ಎರಡು ಕಡೆ ಮೆತ್ತಗೆ ಕಟ್ಟಿ, ಲೈಬ್ರರಿ ಮೇಡಂ ಅವರನ್ನು ಕೆಳಗೆ ಇಳಿಸಿದರು. ಬದುಕಿದ್ದಾಗ ಅವರು ಆ ಏಣಿಯನ್ನು ಒಂದು ದಿನವೂ ಹತ್ತಿದವರಲ್ಲ. ಎತ್ತರ ಕಂಡರೆ ಅವರಿಗೆ ತಲೆ ಸುತ್ತುತ್ತಿತ್ತು.

"ಭಾರವೇ ಇಲ್ಲ," ಎಂದ ಅಣ್ಣನ ಮಗ, ತನ್ನ ಕೈಗೇ ಹೇಳಿಕೊಳ್ಳುವಂತೆ.

"ಒಂದು ಕಟ್ಟು ಪೇಪರ್ ಇದಕ್ಕಿಂತ ಭಾರ ಇರುತ್ತೆ, ತಮ್ಮಾ," ಎಂದ ಏಣಿಯಣ್ಣ.

ಕೆಳಗೆ ಮನೆಯ ಮಾಲೀಕರು ತಮ್ಮ ಹಜಾರ ಬಿಟ್ಟುಕೊಟ್ಟಿದ್ದರು. ಯಾರು ಬರುತ್ತಾರೆ, ನೆಂಟರೆಂಬುವರೇ ಇಲ್ಲವಲ್ಲ ಎಂದು ಅಣ್ಣನ ಮಗ ನಾಲ್ಕೇ ಕುರ್ಚಿ ಹಾಕಿಸಿದ್ದ. ಎಂಟೂವರೆಯಿಂದ ಜನ ಬರತೊಡಗಿದರು. ಚಪ್ಪಲಿ ಬಿಟ್ಟು, ಒಂದು ಸಲ ಮುಖ ನೋಡಿ, ಗೋಡೆಯುದ್ದಕ್ಕೂ ಸಾಲಾಗಿ ನೆಲಕ್ಕೆ ಕೂತರು. ಹನ್ನೊಂದು ಜನ. ಅಳು ಇಲ್ಲ, ಮಾತಿಲ್ಲ. ಒಬ್ಬರಿಗೆ ಕೆಮ್ಮು ಬಂದರೆ ಬಾಯಿಗೆ ಬಟ್ಟೆ ಒತ್ತಿಕೊಂಡು ಹೊರಗೆ ಹೋಗಿ ಕೆಮ್ಮಿ ಬಂದರು.

ಅಣ್ಣನ ಮಗ ಏಣಿಯಣ್ಣನ ಪಕ್ಕಕ್ಕೆ ಸರಿದ. "ಇವರೆಲ್ಲ ಯಾಕೆ ಹೀಗೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದಾರೆ? ಒಬ್ಬರಿಗೊಬ್ಬರು ಆಗಲ್ವಾ?"

"ಹಾಗೇನಿಲ್ಲ. ಪರಿಚಯ ಇಲ್ಲ."

"ಎಲ್ಲಾ ಒಂದೇ ಲೈಬ್ರರಿಗೆ ಬರೋರು ಅಂದ್ರಿ?"

"ಹೂಂ. ಇಪ್ಪತ್ತು ವರ್ಷದಿಂದ ಒಂದೇ ಮೇಜಿಗೆ ಕೂರ್ತಾರೆ. ಅದಕ್ಕೇ ಪರಿಚಯ ಇಲ್ಲ."

ನಿಜವೇ. ಲೈಬ್ರರಿಯ ಉದ್ದ ಮೇಜಿನಲ್ಲಿ ಯಾರು ಎಲ್ಲಿ ಕೂರುತ್ತಿದ್ದರೋ ಇಲ್ಲಿಯೂ ಅದೇ ಸಾಲು ಹಿಡಿದಿದ್ದರು. ಬಾಗಿಲ ಬೆಳಕಿಗೆ ಪೇಪರ್ ತಾತ, ಅವರ ಪಕ್ಕ ಟೈಲರಮ್ಮ, ಆಮೇಲೆ ರಾತ್ರಿ ಪಾಳಿಯ ನರ್ಸು. ಮೂಲೆಯಲ್ಲಿ ಒಬ್ಬರ ಜಾಗ ಖಾಲಿ ಬಿಟ್ಟಿದ್ದರು. ಅಲ್ಲಿ ಕೂರುತ್ತಿದ್ದ ರೈಲು ಡ್ರೈವರ್ ಹೋದ ವರ್ಷವೇ ತೀರಿಕೊಂಡಿದ್ದ.

ಒಂಬತ್ತಕ್ಕೆ ಮೇಲಿನ ಕಚೇರಿಯ ಅಧಿಕಾರಿ ಬಂದರು. ನಲವತ್ತರ ಒಳಗಿನವರು, ಕಂಕುಳಲ್ಲಿ ಒಂದು ಫೈಲು. ಕೈ ಮುಗಿದು ಒಂದು ನಿಮಿಷ ನಿಂತು, ಏಣಿಯಣ್ಣನನ್ನು ಜಗುಲಿಗೆ ಕರೆದರು.

"ಇವತ್ತು ಆಡೋ ಮಾತಲ್ಲ. ಆದ್ರೆ ನಂಗೆ ಮತ್ತೆ ಈ ಕಡೆ ಬರೋಕ್ಕಾಗಲ್ಲ. ಎಂಟು ತಿಂಗಳಿಂದ ಅಲ್ಲಿ ಲೈಬ್ರರಿಯನ್ ಇಲ್ಲ. ರಿಟೈರ್ ಆದ್ಮೇಲೂ ಇವರೇ ದಿನಾ ಬಂದು ಕೂರ್ತಿದ್ರು ಅಂತ ಈಗ ಗೊತ್ತಾಯ್ತು. ಸಂಬಳ ಇಲ್ಲ, ಆರ್ಡರ್ ಇಲ್ಲ!"

"ಕೆಲಸ ಮುಗೀತು ಸಾರ್. ಅಭ್ಯಾಸ ಮುಗೀಲಿಲ್ಲ."

"ಅದಿರ್ಲಿ. ಹೊಸಬರನ್ನ ಹಾಕೋ ಯೋಚನೆ ಕಚೇರಿಗೆ ಇಲ್ಲ. ಲೈಬ್ರರಿ ಮುಚ್ತೀವಿ, ಪುಸ್ತಕ ಗೋದಾಮಿಗೆ ಹೋಗುತ್ತೆ. ಸಂಜೆ ಬೀಗದ ಕೈ ಕೊಡಬೇಕು." ಅವರು ಫೈಲು ಬಿಡಿಸಿದರು. "ಇನ್ನೊಂದಿದೆ. ಹೋದ ತಿಂಗಳು ನಮ್ಮವರು ಬಂದು ಪಟ್ಟಿ ಹಿಡಿದು ನೋಡಿದ್ರಲ್ಲ? ಹತ್ತೊಂಬತ್ತು ಪುಸ್ತಕ ಅವುಗಳ ಜಾಗದಲ್ಲಿಲ್ಲ. ಯಾರಿಗೂ ಕೊಟ್ಟ ಗುರುತೂ ಇಲ್ಲ. ಒಂದು ಕಡಿಮೆ ಇದ್ರೂ ಮುಚ್ಚೋ ಕಾಗದಕ್ಕೆ ನಾನು ಸಹಿ ಹಾಕೋ ಹಾಗಿಲ್ಲ. ಇಂಥವರ ಕಾಲದಲ್ಲಿ ಪುಸ್ತಕ ಕಳೆದಿದೆ, ಇಟ್ಕೊಂಡೋರು ತಂದುಕೊಡಿ ಅಂತ ಬಾಗಿಲಿಗೆ ನೋಟೀಸು ಅಂಟಿಸಿ, ಮೂರು ತಿಂಗಳು ತೆರೆದಿಡಬೇಕು. ನಂಗೂ ತಲೆನೋವು. ಹೋದವರ ಹೆಸರು ಹೀಗೆ ಬಾಗಿಲಿಗೆ ಯಾಕೆ ಬರಬೇಕು ಹೇಳಿ?"

ಏಣಿಯಣ್ಣನ ಕಿವಿಗೆ ಬಿದ್ದದ್ದು ಒಂದೇ ಮಾತು. ಅವರ ಕಾಲದಲ್ಲಿ ಕಳೆದಿದೆ.

"ಕಳೆದಿಲ್ಲ ಸಾರ್. ಇದಾವೆ."

"ಎಲ್ಲಿ?"

"ಅಲ್ಲೇ, ಒಳಗೇ. ಸಂಜೆ ಹೊತ್ತಿಗೆ ಹತ್ತೊಂಬತ್ತೂ ಮೇಜಿನ ಮೇಲಿಡ್ತೀನಿ."

ಮಾತು ಬಾಯಿಂದ ಹೊರಟಾಗಿತ್ತು. ಆಮೇಲೆ ಅವನು ಗೋಡೆಯ ಸಾಲಿನಲ್ಲಿ ಕೂತವರನ್ನು ನೋಡಿದ. ಆ ಪುಸ್ತಕಗಳು ತನ್ನವಲ್ಲ, ಇವರವು; ಇವರನ್ನು ಕೇಳದೆ ಮುಟ್ಟುವ ಹಾಗಿಲ್ಲ.

*

ಅವನು ಆ ಲೈಬ್ರರಿಗೆ ಮೊದಲು ಬಂದದ್ದು ಸುಣ್ಣ ಬಳಿಯುವುದಕ್ಕೆ. ಏಣಿ ಅವನದೇ. ಶಾಲೆಯ ಮುಖ ಒಂದೂವರೆ ವರ್ಷ ಕಂಡಿದ್ದ, ಕೂಲಿ ಚೀಟಿಗೆ ಹೆಬ್ಬೆಟ್ಟು ಒತ್ತುತ್ತಿದ್ದ. ಗೋಡೆ ಒಣಗಿದ ಮೇಲೆ, ಇಳಿಸಿಟ್ಟ ಪುಸ್ತಕಗಳನ್ನು ಮತ್ತೆ ಕಪಾಟಿಗೆ ಏರಿಸುವುದೂ ತನ್ನದೇ ಕೆಲಸ ಎಂದುಕೊಂಡ. ರಜೆಯ ದಿನ, ಹೇಳುವವರು ಯಾರೂ ಇರಲಿಲ್ಲ. ಮೈ ಮುರಿದು ಜೋಡಿಸಿದ. ಕೆಂಪು ರಟ್ಟಿನವೆಲ್ಲ ಒಂದು ಕಡೆ, ಹಸಿರೆಲ್ಲ ಒಂದು ಕಡೆ, ನೀಲಿಯವು ಕಿಟಕಿಯ ಹತ್ತಿರ. ಅದರಲ್ಲೂ ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ. ದೂರ ನಿಂತು ನೋಡಿ ತಾನೇ ಮೆಚ್ಚಿಕೊಂಡ.

ಮಾರನೆ ದಿನ ಮೇಡಂ ಬಂದು ಬಾಗಿಲಲ್ಲೇ ನಿಂತುಬಿಟ್ಟರು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಬೈಯುತ್ತಾರೆಂದು ಕಾದ. ಅವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ನೀವು ಇದನ್ನ ಗೋಡೆ ಅಂದ್ಕೊಂಡ್ರಿ. ಇದು ಊರು ಕಣ್ರೀ. ಇವಕ್ಕೆ ಒಂದೊಂದಕ್ಕೂ ಮನೆ ನಂಬರ್ ಇದೆ. ನೋಡಿ, ಬೆನ್ನ ಮೇಲೆ."

ಅದನ್ನು ಸರಿಪಡಿಸಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನದಲ್ಲಿ ಅವನಿಗೆ ಅಂಕಿಗಳೆಲ್ಲ ಬಂದವು, ಬಿಂದುವಿನ ಆಚೆಯ ಅಂಕಿಯೂ ಬಂತು. ಹನ್ನೆರಡನೆಯ ದಿನ ಮೇಡಂ ಕಚೇರಿಗೆ ಕಾಗದ ಬರೆದು ಅವನನ್ನು ಜವಾನನನ್ನಾಗಿ ಉಳಿಸಿಕೊಂಡರು. ಕಟ್ಟಡದ ಸಾರುವೆಯಿಂದ ಬಿದ್ದು ಅವನ ಮಂಡಿ ಆಗಲೇ ಕೆಟ್ಟಿತ್ತು. ಹತ್ತಲು ಬರುತ್ತಿತ್ತು, ಬಗ್ಗಲು ಬರುತ್ತಿರಲಿಲ್ಲ. ಹೀಗಾಗಿ ಮೊದಲ ದಿನವೇ ಕೆಲಸ ಹಂಚಿಕೆಯಾಯಿತು.

"ಮೇಲಿನ ಸಾಲು ನಿಮ್ಮದು, ಏಣಿಯಣ್ಣ. ಕೆಳಗಿನ ಸಾಲು ನನ್ನದು."

ಒಂದು ದಿನ ನಿಘಂಟುಗಳ ಹಿಂದೆ ಜೇನು ಸಾಕಣೆಯ ಪುಸ್ತಕವೊಂದು ಸಿಕ್ಕಿತು. ತಪ್ಪು ಮನೆಯಲ್ಲಿ ಕೂತದ್ದು! ಕಳ್ಳನನ್ನು ಹಿಡಿದವನಂತೆ ತಂದು ಮೇಜಿನ ಮೇಲಿಟ್ಟ.

ಮೇಡಂ ಪುಸ್ತಕ ತಿರುಗಿಸಿ ನೋಡಿ, ದನಿ ತಗ್ಗಿಸಿದರು. "ಇದನ್ನ ಎಲ್ಲಿತ್ತೋ ಅಲ್ಲೇ ಇಟ್ಟುಬಿಡಿ."

"ತಪ್ಪು ಜಾಗ ಮೇಡಂ."

"ಗೊತ್ತು. ಯಾರೋ ಅರ್ಧ ಓದಿ, ಬೇರೆಯವರು ಮನೆಗೆ ತಗೊಂಡು ಹೋಗಿಬಿಟ್ರೆ ಅಂತ ಅಡಗಿಸಿಟ್ಟಿದಾರೆ. ಕಾರ್ಡು ಮಾಡಿಸೋಕೆ ಜಾಮೀನು ಹಾಕೋರು ಇಲ್ಲದೋರು ಇರ್ತಾರೆ, ಮನೇಲಿ ದೀಪ ಇಲ್ಲದೋರು ಇರ್ತಾರೆ. ಅಡಗಿಸಿಟ್ಟ ಪುಸ್ತಕ ಅಂದ್ರೆ 'ನಾಳೆ ಬರ್ತೀನಿ' ಅಂತ ಹೇಳಿ ಹೋದ ಹಾಗೆ. ಧೂಳು ಒರೆಸಿ, ಅಲ್ಲೇ ಇಡಿ. ನಾವು ನೋಡ್ಲಿಲ್ಲ."

*

ಹನ್ನೊಂದು ಗಂಟೆಗೆ ಊರ ಹೊರಗಿನ ಸ್ಮಶಾನದಲ್ಲಿ ಎಲ್ಲ ಮುಗಿಯಿತು. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಅದರ ಸದ್ದೂ ಜೋರಾಗಿ ಕೇಳಿತು, ಅಷ್ಟು ಮೌನ.

ಪೇಪರ್ ತಾತನಿಗೆ ಕಿವಿ ಮಂದ, ಗಂಟಲು ದೊಡ್ಡದು. "ಪುಣ್ಯಾತ್ಗಿತ್ತಿ, ನಿದ್ದೇಲೇ ಹೋದ್ರಂತೆ!" ಎಂದುಬಿಟ್ಟರು. ಎಂದವರೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಗುಂಡಿಯ ಕಡೆ ನೋಡಿದರು. ದಿನಕ್ಕೆ ಮೂರು ಸಲವಾದರೂ ಮೇಡಂ ಬಾಯಿಂದ ಬರುತ್ತಿದ್ದ ಆ "ಶ್" ಬರಲಿಲ್ಲ.

ಏಣಿಯಣ್ಣ ಕೈಗೆ ಅಂಟಿದ ಮಣ್ಣು ಕೊಡವಿಕೊಂಡ. ಹತ್ತು ಜನರ ಮುಂದೆ ಮಾತಾಡಿ ಅವನಿಗೆ ಅಭ್ಯಾಸವಿಲ್ಲ. ಅಧಿಕಾರಿ ಆಚೆ ಮರದ ಕೆಳಗೆ ಫೋನಿನಲ್ಲಿದ್ದರು.

"ಒಂದು ಮಾತಿದೆ. ನೀವೆಲ್ಲ ಅಡಗಿಸಿಟ್ಟಿರೋ ಪುಸ್ತಕಗಳು..."

ಹನ್ನೊಂದು ಜನವೂ ನೆಲ ನೋಡಿದರು.

"ಅದು ಮೇಡಂಗೆ ಗೊತ್ತಿತ್ತು. ಮೊದಲಿಂದಲೂ. ಧೂಳು ಒರೆಸಿ ಅಲ್ಲೇ ಇಡಿ ಅನ್ನೋರು. ಈಗ ಕಚೇರಿಯವರು ಅವನ್ನ ಕಳೆದುಹೋಗಿದಾವೆ ಅಂತ ಅವರ ತಲೆಗೆ ಕಟ್ತಿದಾರೆ. ಅವೆಲ್ಲಿದಾವೆ ಅಂತ ನಂಗೆ ಗೊತ್ತು. ಆದ್ರೆ ಇಟ್ಟೋರು ನೀವು. ನೀವೇ ತೆಗೀಬೇಕು."

ನರ್ಸು ಪಿಸುಗುಟ್ಟಿದಳು: "ಭೂಗೋಳದ ದೊಡ್ಡ ಪುಸ್ತಕದ ಹಿಂದೆ. ಅದು ನಂದು."

"ನಿಂದಾ ಅದು?" ಎಂದಳು ಟೈಲರಮ್ಮ. "ನಂದೂ ಅಲ್ಲೇ ಪಕ್ಕದಲ್ಲಿತ್ತಲ್ಲೇ! ಯಾವುದೋ ಹಾಳಾದ್ದು ಜಾಗ ಹಿಡಿದಿದೆ ಅಂತ ದಿನಾ ಬೈಕೊಳ್ತಿದ್ದೆ."

"ನಾನೂ ಬೈಕೊಳ್ತಿದ್ದೆ," ಎಂದಳು ನರ್ಸು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹದಿನಾಲ್ಕು ವರ್ಷ ಮೊಣಕೈಗೆ ಮೊಣಕೈ ತಾಗಿಸಿ ಕೂತವರು ಆಡಿದ ಮೊದಲ ಮಾತು ಅದು.

ಅಧಿಕಾರಿ ಇತ್ತ ಬಂದರು. ಏನೋ ಸಮಾಧಾನ ಹೇಳಬೇಕೆನ್ನಿಸಿತೋ ಏನೋ. "ಬೇಜಾರು ಮಾಡ್ಕೋಬೇಡಿ. ಪೇಟೆಯ ದೊಡ್ಡ ಲೈಬ್ರರಿಗೆ ಹೋಗಬಹುದು. ಅಲ್ಲಿ ಎಲ್ಲ ಮಿಷನ್ನು. ಬೇಕಾದ ಹೆಸರು ಒತ್ತಿದ್ರೆ ಎಲ್ಲಿದೆ ಅಂತ ಅದೇ ಹೇಳುತ್ತೆ."

"ಹೆಸರು ಗೊತ್ತಿದ್ರೆ ತಾನೆ ಸಾರ್, ಒತ್ತೋದು," ಎಂದಳು ಟೈಲರಮ್ಮ. ಮಾತು ಈಗ ಬಾಯಿಗೆ ಬಂದಿತ್ತು. "ನಮ್ಮೆಜಮಾನ್ರಿಗೆ ಕಾಯಿಲೆ ಬಂದಾಗ ಡಾಕ್ಟ್ರು ಏನೋ ಒಂದು ಹೆಸರು ಹೇಳಿದ್ರು. ಅದನ್ನ ಬಾಯಲ್ಲಿ ಹೇಳೋಕೂ ನಂಗೆ ಭಯ. ಲೈಬ್ರರಿಗೆ ಹೋಗಿ ಹೊಲಿಗೆ ಪುಸ್ತಕ ಕೊಡಿ ಅಂದೆ. ಮೇಡಂ ನನ್ನ ಮುಖ ನೋಡಿದ್ರು. ಹೊಲಿಗೆ ಪುಸ್ತಕ ಕೊಟ್ರು. ಅದರ ಕೆಳಗೆ ಇನ್ನೊಂದು ಇಟ್ಟಿದ್ರು, ಆ ಕಾಯಿಲೆದು, ದೊಡ್ಡ ಅಕ್ಷರದ್ದು. ಒಂದು ಮಾತು ಕೇಳಲಿಲ್ಲ. ಕೇಳಿದ್ದು ಎತ್ತಿಕೊಡೋಕೆ ಮಿಷನ್ ಸಾಕು ಸಾರ್. ಕೇಳೋಕೆ ಬಾಯಿ ಬರದೇ ಇದ್ದದ್ದನ್ನ ಎತ್ತಿಕೊಡೋಕೆ ಯಾರು ಬರ್ತಾರೆ?"

ಅಧಿಕಾರಿ ಫೈಲನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದರು. "ನಾನು ಬರೀ ಆರ್ಡರ್ ತಂದವನಮ್ಮಾ," ಎಂದರು.

*

ಮಧ್ಯಾಹ್ನ ಒಂದರಿಂದ ಎರಡು ಲೈಬ್ರರಿಯ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಏಣಿಯಣ್ಣ ಊಟದ ಡಬ್ಬಿ ತೊಳೆಯಲು ಹಿತ್ತಲ ನಲ್ಲಿಗೆ ಹೋಗಿ ಬರುವಷ್ಟರಲ್ಲಿ ಮೇಡಂ ಕೈಯಲ್ಲಿ ಒಂದು ಪುಸ್ತಕ ಇರುತ್ತಿತ್ತು. ದಿನಕ್ಕೆ ಎರಡು ಪುಟ, ಅವನಿಗೆ ಓದಿ ಹೇಳುತ್ತಿದ್ದರು. ಹೀಗೆ ಎಷ್ಟೋ ಪುಸ್ತಕ ಮುಗಿದಿದ್ದವು. ಈಚಿನದು ಒಬ್ಬ ಅಂಬಿಗನ ಕತೆ. ಆಚೆ ದಡದಲ್ಲಿ ಯಾರೋ ದೀಪ ಬೀಸಿ ಕರೆಯುತ್ತಿದ್ದಾರೆ, ಹೊಳೆ ತುಂಬಿ ಬಂದಿದೆ, ಊರವರು ಬೇಡವೆಂದರೂ ಅಂಬಿಗ ದೋಣಿ ಬಿಚ್ಚಿದ್ದಾನೆ.

"ಮುಟ್ತಾನಾ ಮೇಡಂ, ಆಚೆ ದಡ?"

"ನಾಳೆ ನೋಡೋಣ." ಅವರು ಹಳೆಯ ಕಾರ್ಡೊಂದನ್ನು ಉದ್ದಕ್ಕೆ ಕತ್ತರಿಸಿದ ಪಟ್ಟಿಯನ್ನು ಪುಟದ ನಡುವೆ ಇಟ್ಟರು.

"ಮನೆಗೆ ಒಯ್ದು ನೀವು ಮುಂಚೆನೇ ಓದ್ಕೋಬಹುದಲ್ಲ?"

"ಮನೇಲಿ ಯಾರಿಗೆ ಓದಿ ಹೇಳ್ಲಿ? ಗೋಡೆಗಾ?" ಎಂದರು. ಆಮೇಲೆ ನಕ್ಕು, "ರಿಟೈರಾದ ದಿನವೇ ನನ್ನ ಕಾರ್ಡು ನಾನೇ ರದ್ದು ಮಾಡ್ದೆ. ಈಗ ನಂಗೂ ಎಲ್ಲರ ಥರ ಇಲ್ಲೇ ಕೂತು ಓದೋ ಹಣೆಬರಹ," ಎಂದರು.

ಅವನು ಎದ್ದು ಹೋಗಿ ಬಾಗಿಲು ಪೂರ್ತಿ ತೆರೆದು ಬರುವಷ್ಟರಲ್ಲಿ ಪುಸ್ತಕ ಕೈಯಲ್ಲಿರುತ್ತಿರಲಿಲ್ಲ. ಎಲ್ಲಿಟ್ಟಿರಿ ಎಂದು ಅವನೆಂದೂ ಕೇಳಿರಲಿಲ್ಲ. ಅಂಬಿಗನ ಈ ಮಾತು ನಡೆದದ್ದು ಸೋಮವಾರ. ಮಂಗಳವಾರ ಒಂಬತ್ತಾದರೂ ಅವರು ಬರಲಿಲ್ಲ.

*

ಸಂಜೆ ನಾಲ್ಕಕ್ಕೆ ಎಲ್ಲರೂ ಲೈಬ್ರರಿಯಲ್ಲಿದ್ದರು. ಏಣಿ ಮರಳಿ ತನ್ನ ಜಾಗಕ್ಕೆ ಬಂದಿತ್ತು. ಒಬ್ಬೊಬ್ಬರೂ ಒಂದೊಂದು ಮೂಲೆಗೆ ಹೋಗಿ, ಕೈ ತೂರಿಸಿ, ತಮ್ಮ ತಮ್ಮದನ್ನು ಈಚೆಗೆ ತೆಗೆದರು. ಪೇಪರ್ ತಾತ ಅಡುಗೆ ಪುಸ್ತಕವೊಂದನ್ನು ತಂದು ಮೇಜಿನ ಮೇಲೆ ಮಗುಚಿ ಇಟ್ಟರು.

"ಅಡುಗೆನಾ ತಾತ?" ಎಂದಳು ನರ್ಸು.

"ಅವಳು ಹೋದ್ಮೇಲೆ ಕಲಿಯೋಣ ಅಂತ..." ಎಂದು ತಾತ ನಿಲ್ಲಿಸಿದರು. "ಉಪ್ಪು ರುಚಿಗೆ ತಕ್ಕಷ್ಟು ಅಂತ ಬರೆದುಬಿಡ್ತಾರೆ. ತಕ್ಕಷ್ಟು ಅಂದ್ರೆ ಎಷ್ಟು ಅಂತ ಒಬ್ಬನೂ ಬರೆದಿಲ್ಲ."

ರೈಲು ಡ್ರೈವರ್ ಇಟ್ಟು ಹೋದದ್ದನ್ನು ಏಣಿಯಣ್ಣನೇ ಹತ್ತಿ ತೆಗೆದ. ಅಂಥವು ಇನ್ನೂ ಆರಿದ್ದವು. ನಾಳೆ ಬರುತ್ತೇವೆಂದು ಇಟ್ಟು, ಬಾರದೇ ಹೋದವರವು. ಅಧಿಕಾರಿ ಅಂಕಿ ಓದಿದರು, ಗುರುತು ಹಾಕಿದರು. ಎಲ್ಲ ಅವುಗಳ ಮನೆಗೆ ಹೋದವು. ಕೊನೆಯದೊಂದು ಉಳಿಯಿತು. ಅದರ ಅಂಕಿ ಓದಿ ಹೇಳಿದರು, ಯಾರೂ ತಮ್ಮದೆನ್ನಲಿಲ್ಲ. ಏಣಿಯಣ್ಣ ಏಣಿಯನ್ನು ಒಂದು ಕಪಾಟಿನಿಂದ ಇನ್ನೊಂದಕ್ಕೆ ಸಾಗಿಸಿ ಮೇಲಿನ ಸಾಲನ್ನೆಲ್ಲ ಹುಡುಕಿದ, ನಡುವಿನ ಸಾಲು ಹುಡುಕಿದ. ಐದೂವರೆಗೆ ಓದುಗರು ಏಳತೊಡಗಿದರು. ಹೋಗುವಾಗ ಅಭ್ಯಾಸಬಲದಿಂದ ಕುರ್ಚಿಯನ್ನು ಸದ್ದಾಗದಂತೆ ಎತ್ತಿ ಒಳಕ್ಕೆ ಇಟ್ಟರು.

ಉಳಿದದ್ದು ಕೆಳಗಿನ ಸಾಲು. ಏಣಿಯ ಮೆಟ್ಟಿಲು ಹಿಡಿದುಕೊಂಡು, ಕೆಟ್ಟ ಮಂಡಿಯನ್ನು ಪಕ್ಕಕ್ಕೆ ಚಾಚಿ, ಏಣಿಯಣ್ಣ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನೆಲಕ್ಕೆ ಕೂತ. ಅಲ್ಲಿ ಧೂಳಿರಲಿಲ್ಲ. ರಟ್ಟು ಕಟ್ಟಿದ ಹಳೆಯ ಪೇಪರುಗಳ ಹಿಂದೆ, ಬೆನ್ನು ಒಳಗಾಗಿ ತಿರುಗಿಸಿಟ್ಟ ಒಂದು ಪುಸ್ತಕ. ತಿರುಗಿಸಿ ಅಂಕಿ ನೋಡಿದ. ಅದೇ. ಪುಟಗಳ ನಡುವಿನಿಂದ ಕಾರ್ಡಿನ ಪಟ್ಟಿ ಒಂದು ಬೆರಳಷ್ಟು ಹೊರಗೆ ಚಾಚಿತ್ತು.

ಮುಂದಿನ ಮೇಜಿನಿಂದ ಅಧಿಕಾರಿ ಕೂಗಿದರು: "ಸಿಕ್ತಾ? ಸಿಕ್ಕಿದ್ರೆ ಈಗಲೇ ಬೀಗ ಹಾಕಿ ಮುಗಿಸೋಣ. ಇಲ್ಲಾಂದ್ರೆ ನೋಟೀಸು ಅಂಟಿಸಿ ಹೊರಡ್ತೀನಿ, ಬಸ್ಸಿಗೆ ಹೊತ್ತಾಯ್ತು."

ಬೆಳಿಗ್ಗೆ ಕೊಟ್ಟ ಮಾತು ಹತ್ತೊಂಬತ್ತು. ಹೆಸರು ಉಳಿಸುತ್ತೇನೆಂದು ಕೊಟ್ಟದ್ದು. ಪುಸ್ತಕ ಅವನ ಎರಡೂ ಅಂಗೈಯ ನಡುವೆ ಇತ್ತು. ಎದ್ದು ಹತ್ತು ಹೆಜ್ಜೆ ಹಾಕಿ ಮೇಜಿನ ಮೇಲಿಟ್ಟರೆ ಮೇಡಂ ಹೆಸರಿಗೆ ಒಂದು ಚುಕ್ಕೆಯೂ ಅಂಟುವುದಿಲ್ಲ. ಬಾಗಿಲು ಮಾತ್ರ ಮುಚ್ಚುತ್ತದೆ. ಅವನು ಆ ಕಾರ್ಡಿನ ಪಟ್ಟಿಯನ್ನೇ ನೋಡಿದ.

"ಇಲ್ಲ ಸಾರ್," ಎಂದ. "ಕೆಳಗಿನ ಸಾಲು ನಂದಲ್ಲ. ಅದನ್ನ ಅವರೇ ನೋಡ್ಕೊಳ್ತಿದ್ರು."

ಅಧಿಕಾರಿ ನಿಟ್ಟುಸಿರು ಬಿಟ್ಟು ನೋಟೀಸಿನಲ್ಲಿ ಕಳೆದ ಪುಸ್ತಕ ಒಂದು ಎಂದು ಬರೆದು, ಹೆಸರು ತುಂಬಿ, ಬಾಗಿಲಿಗೆ ಗೋಂದು ಹಚ್ಚಿ ಅಂಟಿಸಿ ಹೋದರು. ಅಣ್ಣನ ಮಗ ಚೀಲ ಹೆಗಲಿಗೆ ಹಾಕಿಕೊಂಡು ಹೇಳಿ ಹೋಗಲು ಬಂದವನು ಬಾಗಿಲಲ್ಲಿ ನಿಂತು ಓದಿದ.

"ಅತ್ತೆ ಹೆಸರು ಬರೆದದ್ದನ್ನ ನಾನು ನೋಡಿದ್ದೇ ಇಲ್ಲ. ಇದೇ ಮೊದಲು," ಎಂದ. ಇನ್ನೇನೋ ಕೇಳಬೇಕೆಂದಿದ್ದ ಹಾಗೆ ತಡೆದ. "ಬರ್ಲಾ?"

"ಹೋಗಿ ಬಾ, ತಮ್ಮಾ."

ಆರರ ಬಸ್ಸಿಗೆ ಅವನೂ ಹೋದ. ಏಣಿಯಣ್ಣ ಒಳಗೆ ಬಂದು ಮತ್ತೆ ಅದೇ ಜಾಗದಲ್ಲಿ ಕೂತ. ಪಟ್ಟಿ ಇದ್ದಲ್ಲಿ ಪುಸ್ತಕ ಬಿಡಿಸಿ, ಸಾಲಿನ ಕೆಳಗೆ ಬೆರಳಿಟ್ಟ. ದೋ. ಣಿ. ದೋಣಿ. ಆಮೇಲಿನದು ಒತ್ತಕ್ಷರ, ಬಹಳ ಹೊತ್ತು ಹಿಡಿಯಿತು. ಕತ್ತಲಾಗುವ ಹೊತ್ತಿಗೆ ಒಂದು ಸಾಲು ಮುಗಿದಿತ್ತು, ಅಂಬಿಗ ದಡದಿಂದ ಒಂದು ಮಾರು ದೂರ ಹೋಗಿದ್ದ. ಪಟ್ಟಿಯನ್ನು ಇದ್ದ ಹಾಗೇ ಇಟ್ಟು, ಪುಸ್ತಕವನ್ನು ಪೇಪರುಗಳ ಹಿಂದೆ, ಬೆನ್ನು ಒಳಗಾಗಿ, ಸರಿಸಿದ.

ಆ ಬುಧವಾರ ಎಲ್ಲರಿಗಿಂತ ಕೊನೆಗೆ ಹೊರಟವನು ಅವನೇ. ಬೀಗ ಹಾಕಿ ತಿರುಗಿದಾಗ, ನೋಟೀಸಿನ ಕೆಳಗಿನ ಮೂಲೆ ಗೋಂದು ಸಾಲದೆ ಎದ್ದಿರುವುದು ಕಂಡಿತು. ಮೇಡಂ ಹೆಸರಿನ ಪಕ್ಕದಲ್ಲಿ ಹೆಬ್ಬೆರಳಿಟ್ಟು, ಅಂಟುವ ತನಕ ಒತ್ತಿ ಹಿಡಿದು ನಿಂತ.